ಡೆತ್ ವ್ಯಾಲಿಯ ಗಾಳಿಗೆ ಟೆಂಟ್ ನಿಂತಿದ್ದು ಹೀಗೆ

ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಗೆ ಹೊರಟರೆ ಎಲ್ಲರೂ ಬಿಸಿಲಿನ ಬಗ್ಗೆಯೇ ಹೆದರಿಸುತ್ತಾರೆ. 1913ರ ಜುಲೈನಲ್ಲಿ 56.7 ಡಿಗ್ರಿ ಸೆಲ್ಸಿಯಸ್ ದಾಖಲಾದ ಜಾಗ, ಹೆದರಿಸಲಿ ಬಿಡಿ. ಆದರೆ ಮಾರ್ಚ್‌ನಲ್ಲಿ ಹೋದ ನಮ್ಮನ್ನು ಕಾಡಿದ್ದು ಗಾಳಿ.

ಕಣಿವೆಯೊಳಗೆ ನಾವು ಉಳಿದ ಸ್ಟವ್‌ಪೈಪ್ ವೆಲ್ಸ್‌ನ ಕ್ಯಾಂಪಿಂಗ್ ಜಾಗ ಬರೀ ಜಲ್ಲಿಕಲ್ಲಿನ ಬಯಲು. ಟೆಂಟಿನ ಜೊತೆ ಬರುವ ತೆಳು ಗೂಟ ಹೊಡೆದರೆ ಬಾಗುತ್ತದೆ, ಇಳಿಯುವುದಿಲ್ಲ. ಅಷ್ಟಿಷ್ಟು ಇಳಿದವೂ ಸಂಜೆಗೆ ಕಿತ್ತು ಬಂದವು.

ಉಪಾಯ ಕಾರಿನ ಡಿಕ್ಕಿಯಲ್ಲೇ ಇತ್ತು. ಡೆತ್ ವ್ಯಾಲಿಯಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ ಒಂದು ಗ್ಯಾಲನ್, ಅಂದರೆ ಸುಮಾರು ನಾಲ್ಕು ಲೀಟರ್ ನೀರು ಬೇಕು. ಹೇಗೂ ಕ್ಯಾನುಗಟ್ಟಲೆ ಹೊತ್ತು ತಂದಿದ್ದೆವು. ಟೆಂಟಿನ ಒಳಗೆ ನಾಲ್ಕೂ ಮೂಲೆಗೆ ಒಂದೊಂದು ದೊಡ್ಡ ಕ್ಯಾನ್ ಇಟ್ಟೆವು. ಹೊರಗಿನ ಹಗ್ಗಗಳನ್ನು ಇನ್ನೆರಡು ಕ್ಯಾನ್‌ಗಳ ಹಿಡಿಗೆ, ನೆಲದ ಮಟ್ಟದಲ್ಲೇ ಬಿಗಿದೆವು. ಕುಡಿಯಲು, ಅಡುಗೆಗೆ ಬೇರೆ ಕ್ಯಾನ್. ಇಲ್ಲದಿದ್ದರೆ ಚಹಾ ಕುಡಿದಷ್ಟೂ ಟೆಂಟ್ ಹಗುರ, ಅಲ್ವಾ!

ಆಮೇಲೆ ಕಾರನ್ನು ಗಾಳಿ ಬರುವ ಕಡೆಗೆ ಅಡ್ಡ ನಿಲ್ಲಿಸಿದೆವು. ಟೆಂಟಿನ ಕಿರಿದಾದ ಬದಿಯನ್ನು ಅದೇ ಕಡೆಗೆ, ಬಾಗಿಲನ್ನು ಎದುರು ದಿಕ್ಕಿಗೆ ತಿರುಗಿಸಿದೆವು. ನನ್ನ ಪ್ರಕಾರ ಜಾಸ್ತಿ ಕೆಲಸ ಮಾಡಿದ್ದು ಇದೇ. ಹಗ್ಗವನ್ನು ಕಾರಿನ ಚಕ್ರಕ್ಕೆ ಕಟ್ಟೋಣ ಅಂತ ಗೆಳೆಯ ಹೇಳಿದ. ಬೇಡ ಅಂದೆ. ಬೆಳಗ್ಗೆ ನಿದ್ದೆಗಣ್ಣಲ್ಲಿ ಯಾರಾದರೂ ಗಾಡಿ ತೆಗೆದರೆ ಕಥೆ ಮುಗಿಯಿತು.

ಗಾಳಿ ಬೆಳಗಿನ ಜಾವದವರೆಗೂ ಬೀಸಿತು. ಟೆಂಟ್ ಪಟಪಟ ಬಡಿದುಕೊಂಡಿತು, ಅಲುಗಲಿಲ್ಲ. ಬಲೆ ಕಿಟಕಿಯಿಂದ ನುಗ್ಗುವ ಮರಳಿಗೆ ಮಾತ್ರ ಮದ್ದಿಲ್ಲ, ಅನ್ನದ ಪಾತ್ರೆಗೆ ಮುಚ್ಚಳ ಹಾಕಿಡಿ. ಮುಂದಿನ ಸಲಕ್ಕೆ ದಪ್ಪ ಉಕ್ಕಿನ ಗೂಟ, ಒಂದು ಸುತ್ತಿಗೆ ತೆಗೆದಿಟ್ಟಿದ್ದೇನೆ.