ಹಳೇ ಫ್ಲಾಪಿಗಳ ಕೆಪಾಸಿಟಿ ಲೆಕ್ಕ ಹಾಕೋದು ಹೇಗೆ: 360, 720, 1.44, ಎಲ್ಲಾನೂ ಬೈಟಿಗೆ ಇಳಿಸಿ

ಮೂಡಿಗೆರೆ, ಸಕಲೇಶಪುರ ಕಡೆ ಹಳೇ ಎಸ್ಟೇಟ್ ಆಫೀಸಿನ ಬೀರು ತೆಗೆದ್ರೆ ಇವತ್ತಿಗೂ ಒಂದೆರಡು ಡಬ್ಬ ಫ್ಲಾಪಿ (ಪೆನ್‌ಡ್ರೈವ್ ಬರೋಕೆ ಮುಂಚೆ ಫೈಲ್ ಇಡ್ತಿದ್ದ ತೆಳು ಡಿಸ್ಕು) ಸಿಗುತ್ತೆ, ಚೆಕ್‌ರೋಲು (ಆಳುಗಳ ಹಾಜರಿ ಪಟ್ಟಿ), ಬೋನಸ್ ಲೆಕ್ಕ, ಯಾವ್ದೋ ಕಾಲದ ಪತ್ರಗಳು. ಹಾಸನದ ಹಳೇ ಡಿಟಿಪಿ (ಕಂಪ್ಯೂಟರಲ್ಲಿ ಅಕ್ಷರ ಜೋಡಿಸಿ ಪುಟ ಮಾಡೋ) ಅಂಗಡಿಗಳಲ್ಲಿ ಲಗ್ನಪತ್ರಿಕೆ ಫೈಲುಗಳು. ಇದನ್ನೆಲ್ಲ ಪೆನ್‌ಡ್ರೈವಿಗೆ ತಗೋಬೇಕು ಅಂತ ಕೂತ್ರೆ ಮೊದಲು ತಲೆ ಕೆಡಿಸೋದೇ ಸೈಜು. ಡಬ್ಬದ ಮೇಲೆ 2 ಎಂಬಿ ಅಂತಿರುತ್ತೆ, ಎಲ್ಲರ ಬಾಯಲ್ಲೂ 1.44, ಕಂಪ್ಯೂಟರ್ ತೋರ್ಸೋದು ಇನ್ನೇನೋ. ಯಾವ್ದು ಸರಿ?

ಡಿಸ್ಕಿನ ಹೆಸರಲ್ಲಿರೋ ನಂಬರ್ ಹಿಡ್ಕೊಂಡು ಲೆಕ್ಕ ಹಾಕ್ಬೇಡಿ, ಅದು ಬರೀ ಹೆಸರು ಅಂದ್ಕೊಳ್ಳಿ. ಟ್ರ್ಯಾಕ್ (ಡಿಸ್ಕಿನ ಮೇಲಿನ ಒಂದೊಂದು ಸುತ್ತು) ಎಷ್ಟು, ಸೈಡ್ ಎಷ್ಟು, ಒಂದು ಟ್ರ್ಯಾಕಲ್ಲಿ ಸೆಕ್ಟರ್ (ಆ ಸುತ್ತಿನ ಒಂದೊಂದು ತುಂಡು) ಎಷ್ಟು, ಒಂದು ಸೆಕ್ಟರಲ್ಲಿ ಬೈಟ್ ಎಷ್ಟು, ಈ ನಾಲ್ಕನ್ನ ಗುಣಿಸಿ. ಬಂದ ಬೈಟ್‌ಗಳೇ ನಿಜವಾದ ಸೈಜು, ಮಿಕ್ಕಿದ್ದು ಭಾಗಾಕಾರ.

1.44 ನೇ ತಗೊಳ್ಳಿ. 80 ಟ್ರ್ಯಾಕ್, 2 ಸೈಡ್, 18 ಸೆಕ್ಟರ್, 512 ಬೈಟ್. ಗುಣಿಸಿದ್ರೆ 14,74,560 ಬೈಟ್. 1024ರಿಂದ ಭಾಗಿಸಿ, ಸರಿಯಾಗಿ 1440 ಕೆಬಿ. ಇಲ್ಲೀವರ್ಗೂ ಚೆನ್ನಾಗೇ ಇತ್ತು, ಆಮೇಲೆ ಕಂಪನಿಯವ್ರು ಆ 1440ನ್ನ ಮತ್ತೆ 1024ರಿಂದ ಭಾಗಿಸೋ ಬದಲು 1000ದಿಂದ ಭಾಗಿಸಿ 1.44 ಎಂಬಿ ಅಂದ್ಬಿಟ್ರು. ಅಂದ್ರೆ ಒಂದ್ಸಲ 1024, ಒಂದ್ಸಲ 1000, ಕಲಬೆರಕೆ ಎಂಬಿ ಇದು. ಪೂರ್ತಿ 1024 ಲೆಕ್ಕದಲ್ಲಿ ಅದು 1.41 ಎಂಬಿ, ಪೂರ್ತಿ 1000 ಲೆಕ್ಕದಲ್ಲಿ 1.47. ಯಾವ ಕಡೆಯಿಂದ ನೋಡಿದ್ರೂ 1.44 ಬರಲ್ಲ! ಈ ಗಲಾಟೆ ತಪ್ಸೋಕೆ ಅಂತಾನೇ 1998ರಲ್ಲಿ ಐಇಸಿಯವ್ರು (ವಿದ್ಯುತ್, ಎಲೆಕ್ಟ್ರಾನಿಕ್ಸ್ ಮಾನದಂಡ ಮಾಡೋ ಅಂತರರಾಷ್ಟ್ರೀಯ ಸಂಸ್ಥೆ) 1024ರ ಲೆಕ್ಕಕ್ಕೆ ಕಿಬಿಬೈಟ್, ಮೆಬಿಬೈಟ್ ಅಂತ ಬೇರೆ ಹೆಸರು ಕೊಟ್ರು, ಆದ್ರೆ ನಮ್ ಕಡೆ ಯಾವ ಕಂಪ್ಯೂಟರ್ ಅಂಗಡೀಲಿ ಮೆಬಿಬೈಟ್ ಅಂದ್ರೂ ಮುಖ ಮುಖ ನೋಡ್ತಾರೆ, ಹಾಗಾಗಿ ನಾನು ಇಲ್ಲಿ 1024ರ ಲೆಕ್ಕ, 1000ದ ಲೆಕ್ಕ ಅಂತಾನೇ ಬರೀತೀನಿ.

ಮಿಕ್ಕ ಡಿಸ್ಕುಗಳೂ ಇದೇ ದಾರಿ. ಐದೂಕಾಲು ಇಂಚಿನ ಹಳೇದು 40×2×9×512, ಅಂದ್ರೆ 3,68,640 ಬೈಟ್, 360 ಕೆಬಿ. ಅದೇ ಅಳತೆಯ ಹೈ ಡೆನ್ಸಿಟಿದು 80×2×15×512, 12,28,800 ಬೈಟ್, ಇದನ್ನೇ 1.2 ಎಂಬಿ ಅನ್ನೋದು (ಇದೂ ಕಲಬೆರಕೆನೇ). ಮೂರೂವರೆ ಇಂಚಿನ ಡಬಲ್ ಡೆನ್ಸಿಟಿ 80×2×9×512, 7,37,280 ಬೈಟ್, 720 ಕೆಬಿ. ಅಮಿಗಾ ಕಂಪ್ಯೂಟರ್‌ದು 11 ಸೆಕ್ಟರ್, ಹಾಗಾಗಿ 880 ಕೆಬಿ, ಅದು ಮಾಮೂಲಿ ಪಿಸಿ ಡ್ರೈವಲ್ಲಿ ಓದೋಕಾಗಲ್ಲ. ಎಂಟು ಇಂಚಿನ ಐಬಿಎಂ ಡಿಸ್ಕ್ ಸಿಕ್ರೆ ಮಾತ್ರ ಹುಷಾರು, ಅದ್ರಲ್ಲಿ ಸೆಕ್ಟರ್ 128 ಬೈಟ್‌ದು: 77×1×26×128, ಬರೋದು 2,56,256. ಎಲ್ಲಾ ಕಡೆ 512 ಅಂತ ಹಾಕ್ಬಿಟ್ರೆ ಲೆಕ್ಕ ನಾಲ್ಕು ಪಟ್ಟು ಆಗುತ್ತೆ.

ಮೂರೂವರೆ ಇಂಚಲ್ಲಿ ಯಾವ್ದು 720 ಯಾವ್ದು 1.44 ಅಂತ ನೋಡೋದು ಸುಲಭ, ಎರಡು ಮೂಲೇಲೂ ತೂತಿದ್ರೆ 1.44, ಒಂದೇ ತೂತಿದ್ರೆ 720.

ಇನ್ನು ಡಬ್ಬದ ಮೇಲಿನ ಆ 2 ಎಂಬಿ. ಅದು ಫಾರ್ಮ್ಯಾಟ್ ಮಾಡೋಕೆ ಮುಂಚಿನ ಲೆಕ್ಕ. ನಮ್ಮ ತೋಟದವ್ರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ, 50 ಕೆಜಿ ಕಾಫಿ ಚೆರಿ (ಒಣಗಿದ ಹಣ್ಣು) ಸಿಪ್ಪೆ ತೆಗೆಯೋ ಹಲ್ಲಿಂಗಿಗೆ ಹಾಕಿದ್ರೆ 50 ಕೆಜಿ ಬೇಳೆ ಯಾರಾದ್ರೂ ಕೊಡ್ತಾರಾ? ಸೆಕ್ಟರ್ ಗುರುತು, ನಡುವಿನ ಗ್ಯಾಪ್ ಇದಕ್ಕೆಲ್ಲ ಜಾಗ ಹೋಗಿ 1440 ಕೆಬಿ ಉಳಿಯುತ್ತೆ. ಅದ್ರಲ್ಲೂ ಡಾಸ್ (ಆ ಕಾಲದ ಪಿಸಿ ಆಪರೇಟಿಂಗ್ ಸಿಸ್ಟಮ್) ತನ್ನ ಪಾಲು ಎತ್ಕೊಳ್ಳುತ್ತೆ: ಬೂಟ್ ಸೆಕ್ಟರ್ 1, ಯಾವ ಫೈಲ್ ಎಲ್ಲೆಲ್ಲಿದೆ ಅಂತ ಬರೆದಿಡೋ ಎರಡು ಫ್ಯಾಟ್ ಟೇಬಲ್ ಸೇರಿ 18, ರೂಟ್ ಡೈರೆಕ್ಟರಿ (ಎಲ್ಲಕ್ಕಿಂತ ಮೇಲಿನ ಫೈಲ್ ಪಟ್ಟಿ) 14, ಒಟ್ಟು 33 ಸೆಕ್ಟರ್. ಡಿಸ್ಕಿನ ಒಟ್ಟು ಸೆಕ್ಟರ್ 80×2×18, ಅಂದ್ರೆ 2880ರಲ್ಲಿ 33 ಕಳೆದ್ರೆ 2847 ಸೆಕ್ಟರ್, ಫೈಲ್ ಇಡೋಕೆ ಸಿಗೋದು 14,57,664 ಬೈಟ್. 360ರಲ್ಲಿ 12 ಸೆಕ್ಟರ್ ಹೋಗಿ 3,62,496 ಉಳಿಯುತ್ತೆ.

ಇದು ಯಾಕೆ ಬೇಕು ಅಂದ್ರೆ, ನಾಲ್ಕು 360 ಡಿಸ್ಕು ಒಂದು 1.44 ಒಳಗೆ ಹಿಡಿಯುತ್ತಾ ಅಂತ ಕೇಳಿ ನೋಡಿ. 360 ನಾಲ್ಕಲೇ 1440, ಸರಿಯಾಯ್ತಲ್ಲ ಅನ್ಸುತ್ತೆ. ಆದ್ರೆ ನಾಲ್ಕು ಡಿಸ್ಕಿನ ಇಮೇಜ್ ಫೈಲ್ (ಇಡೀ ಡಿಸ್ಕನ್ನ ಸೆಕ್ಟರ್ ಬಿಡದೆ ನಕಲು ಮಾಡಿದ ಒಂದೇ ಫೈಲ್) ಇಡೋಕೆ ಹೋದ್ರೆ ಬೇಕಾಗೋದು 14,74,560, ಇರೋದು 14,57,664, ಹಿಡಿಯಲ್ಲ. ಇಮೇಜ್ ಬೇಡ, ಒಳಗಿನ ಫೈಲುಗಳನ್ನಷ್ಟೇ ಕಾಪಿ ಮಾಡ್ತೀನಿ ಅಂದ್ರೆ ತುಂಬಿದ ನಾಲ್ಕು ಡಿಸ್ಕಿಗೂ 14,49,984 ಸಾಕು, ಹಿಡಿಯುತ್ತೆ! ಅಲ್ಲೂ ಒಂದು ತೊಡಕು, 1.44ರ ರೂಟಲ್ಲಿ 224 ಎಂಟ್ರಿ ಅಷ್ಟೇ ಕೂರೋದು, 360ದ್ರಲ್ಲಿ ಒಂದೊಂದಕ್ಕೂ 112ರ ತನಕ ಇರಬಹುದು, ಹಾಗಾಗಿ ಚೂರುಪಾರು ಫೈಲು ಜಾಸ್ತಿ ಇದ್ರೆ ಜಾಗ ಖಾಲಿ ಇದ್ದೂ ಡಿಸ್ಕ್ ಫುಲ್ ಅನ್ನುತ್ತೆ. ಫೋಲ್ಡರ್ ಮಾಡಿ ಒಳಗೆ ಹಾಕಿದ್ರೆ ಆ ಮಿತಿ ಇರಲ್ಲ, ಆದ್ರೆ ಫೋಲ್ಡರೂ ಒಂದಿಷ್ಟು ಜಾಗ ತಿನ್ನುತ್ತೆ, ಉಳಿದಿರೋದೇ ಏಳೂವರೆ ಕೆಬಿ.

ಇಮೇಜ್ ತೆಗೆದ ಮೇಲೆ ಸೈಜ್ ನೋಡೋದು ಅಭ್ಯಾಸ ಮಾಡ್ಕೊಳ್ಳಿ. 1.44ರ ಇಮೇಜ್ ಸರಿಯಾಗಿ 14,74,560 ಇರಬೇಕು, ಕಮ್ಮಿ ಇದ್ರೆ ಮಧ್ಯದಲ್ಲೇ ನಿಂತಿದೆ ಅಂತ ಅರ್ಥ. ಆದ್ರೆ ಸರಿ ಇದ್ದ ಮಾತ್ರಕ್ಕೆ ಎಲ್ಲಾ ಓದಿದೆ ಅಂತಲ್ಲ, ಕೆಲವು ಸಾಫ್ಟ್‌ವೇರ್ ಓದೋಕಾಗದ ಸೆಕ್ಟರ್ ಜಾಗದಲ್ಲಿ ಸೊನ್ನೆ ತುಂಬಿ ಸೈಜ್ ಸರಿ ಮಾಡಿಡುತ್ತೆ, ಯಾವ್ದು ಓದೋಕಾಗಿಲ್ಲ ಅಂತ ಸಾಫ್ಟ್‌ವೇರ್ ಬರೆದಿಡೋ ಲಾಗ್ ಓದ್ಲೇಬೇಕು. ನಮ್ಮ ಮಲ್ನಾಡಿನ ಮಳೇಲಿ ಬೂಷ್ಟು ಹಿಡಿದ ಡಿಸ್ಕುಗಳಿಗಂತೂ ಇದು ಬಹಳ ಮುಖ್ಯ, ಬೂಷ್ಟು ಕಾಣೋ ಡಿಸ್ಕನ್ನ ಕ್ಲೀನ್ ಮಾಡದೆ ಡ್ರೈವಿಗೆ ಹಾಕ್ಲೇಬೇಡಿ, ಹೆಡ್ಡಿಗೆ ಮೆತ್ಕೊಂಡು ಮುಂದಿನ ಡಿಸ್ಕನ್ನೂ ಹಾಳು ಮಾಡುತ್ತೆ.

ಸೀಡಿಗೆ ಬಂದ್ರೆ ಲೆಕ್ಕ ನಿಮಿಷದಲ್ಲಿ. ಸೆಕೆಂಡಿಗೆ 75 ಸೆಕ್ಟರ್, ಡೇಟಾ ಸೀಡಿಲಿ ಒಂದೊಂದೂ 2048 ಬೈಟ್. 80 ನಿಮಿಷದ್ದು 3,60,000 ಸೆಕ್ಟರ್, 73,72,80,000 ಬೈಟ್, 1024ರ ಲೆಕ್ಕದಲ್ಲಿ 703 ಎಂಬಿ. ಆ ನಂಬರ್ ಇನ್ನೊಂದ್ಸಲ ನೋಡಿ, 720 ಕೆಬಿ ಫ್ಲಾಪಿಯ ಸರಿಯಾಗಿ ಸಾವಿರ ಪಟ್ಟು! ಕಾಕತಾಳೀಯ ಅಷ್ಟೇ, ಆದ್ರೂ ನೆನಪಿಟ್ಕೊಳ್ಳೋಕೆ ಚೆನ್ನಾಗಿದೆ.

ಡಿವಿಡಿ, ಹಾರ್ಡ್‌ಡಿಸ್ಕ್ ಎಲ್ಲಾ 1000ದ ಲೆಕ್ಕ. 4.7 ಜಿಬಿ ಡಿವಿಡಿ ವಿಂಡೋಸಲ್ಲಿ 4.38 ಹತ್ರ, 40 ಜಿಬಿ ಹಾರ್ಡ್‌ಡಿಸ್ಕ್ 37.25 ತೋರ್ಸುತ್ತೆ, ಯಾರೂ ಮೋಸ ಮಾಡಿಲ್ಲ. ಜಿಪ್ ಡ್ರೈವಿನ (ಫ್ಲಾಪಿ ಥರದ್ದೇ ದೊಡ್ಡ ಡಿಸ್ಕು) 100 ಎಂಬಿ ಡಿಸ್ಕೂ ಅಷ್ಟೇ, 1024ರ ಲೆಕ್ಕದಲ್ಲಿ 96.

ಇನ್ನು ಪೆನ್‌ಡ್ರೈವ್ ಎಷ್ಟು ದೊಡ್ಡದು ಬೇಕು ಅಂತ ಚಿಂತೆ ಇದ್ರೆ, 1.44ರ 50 ಫ್ಲಾಪಿ ಅಂದ್ರೆ 7,37,28,000 ಬೈಟ್, 1024ರ ಲೆಕ್ಕದಲ್ಲಿ 70 ಎಂಬಿ ಚಿಲ್ಲರೆ. ಮನೇಲಿರೋ ಯಾವ ಪೆನ್‌ಡ್ರೈವಾದ್ರೂ ಸಾಕು, ಎರಡು ಕಾಪಿ ಇಡಿ. ಹಾಗೇ ಡಿಟಿಪಿ ಫೈಲುಗಳಾದ್ರೆ ಅದೇ ಫೋಲ್ಡರಲ್ಲಿ ಆ ಕಾಲದ ಫಾಂಟೂ ಹಾಕಿಡಿ, ಇಲ್ಲಾಂದ್ರೆ ಬೈಟ್ ಎಲ್ಲಾ ಸರಿ ಇದ್ದೂ ಕನ್ನಡ ಅಕ್ಷರದ ಬದಲು ಬರೀ ಚಿಹ್ನೆ ಕಾಣುತ್ತೆ.