ಮಗ ರಾತ್ರಿ ಕದ್ದು ಹೋಗುವುದು ನಿಂತದ್ದು ಹೀಗೆ: ನನ್ನ ಅನುಭವ

ಹೆಚ್ಚುಕಡಿಮೆ ಎರಡು ವರ್ಷವಾಯಿತು, ನಮ್ಮ ಮಗ ಹೇಳದೆ ಮನೆ ಬಿಟ್ಟು ಹೋಗಿಲ್ಲ. ರಾತ್ರಿ ಹೊರಗೆ ಹೋಗುತ್ತಾನೆ. ಹೇಳಿ ಹೋಗುತ್ತಾನೆ, ಹೇಳಿದ ಹೊತ್ತಿಗೆ ಬರುತ್ತಾನೆ. ನಾನು ಈ ದಾರಿ ಹಿಡಿದಾಗ ನಮ್ಮಣ್ಣ "ಹುಡುಗನ್ನ ನೀನೇ ಕೆಡಿಸ್ತಿದ್ದೀಯ" ಅಂದಿದ್ದ. ಅತ್ತೆ ನನ್ನ ಜೊತೆ ವಾರಗಟ್ಟಲೆ ಮಾತು ಬಿಟ್ಟಿದ್ದರು. ಈಗ ಅಣ್ಣನ ಮನೆಯಲ್ಲೂ ಇದೇ ದಾರಿ ಹಿಡಿದಿದ್ದಾರೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಹದಿಹರೆಯದ ಮಕ್ಕಳಿರುವವರಿಗೆ ಮೊದಲಿಂದ ಬಿಡಿಸಿ ಹೇಳಬೇಕಿಲ್ಲ. ಹೊದಿಕೆಯ ಕೆಳಗೆ ದಿಂಬು, ಎಣ್ಣೆ ಬಿಟ್ಟ ಬಾಗಿಲ ಕೀಲು, ಕೈಯಲ್ಲಿ ಹಿಡಿದ ಚಪ್ಪಲಿ, ಎಲ್ಲ ನೋಡಿರುತ್ತೀರಿ. ಅವನಿಗೆ ಆಗ 15. ನೇರವಾಗಿ ದುಡ್ಡು ಹೋದ ಕಡೆಗೇ ಬರುತ್ತೇನೆ.

ಮೊದಲು ಬಾಗಿಲಿಗೆ ಅಯಸ್ಕಾಂತದ ಸೆನ್ಸರ್ ಹಾಕಿಸಿದೆವು. ಚೌಕಟ್ಟಿಗೊಂದು ಸ್ವಿಚ್, ಬಾಗಿಲಿಗೊಂದು ಅಯಸ್ಕಾಂತ. ಎರಡೂ ಒಂದಿಷ್ಟು ದೂರವಾದರೆ ಕೂಗುತ್ತದೆ. ಅದು ಕೂಗದ ಹಾಗೆ ಬಾಗಿಲು ತೆಗೆಯುವುದನ್ನು ಅವನು ಒಂದೇ ವಾರದಲ್ಲಿ ಕಲಿತ. ಹೇಗೆ ಅಂತ ನನಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ. ಇದನ್ನು ಮಕ್ಕಳೂ ಓದುತ್ತಾರೆ. ಆಮೇಲೆ ಹಜಾರಕ್ಕೆ ಓಡಾಟ ಗುರುತಿಸುವ ಸೆನ್ಸರ್ ಬಂತು. ಅದು ನೋಡುವುದು ಮೈಶಾಖದ ಚಲನೆಯನ್ನು. ಬೆಕ್ಕಿನ ಮೈಯೂ ಬೆಚ್ಚಗೇ ಇರುತ್ತದೆ ಅಲ್ವಾ? ರಾತ್ರಿಗೆ ನಾಲ್ಕೈದು ಸಲ ಎದ್ದು ಸುಸ್ತಾಗಿ ಯಜಮಾನರು ಅದನ್ನು ಕಳಚಿಟ್ಟರು. ಮೂರನೆಯದು ಕ್ಯಾಮೆರಾ. ಕೊಳ್ಳುವ ದುಡ್ಡು ಬೇರೆ, ರೆಕಾರ್ಡಿಂಗ್ ಇಟ್ಟುಕೊಳ್ಳಲು ತಿಂಗಳು ತಿಂಗಳು ಕಟ್ಟುವ ದುಡ್ಡು ಬೇರೆ. ಅವನು ಎಷ್ಟು ಹೊತ್ತಿಗೆ ಹೋದ ಅಂತ ಬೆಳಿಗ್ಗೆ ತೋರಿಸುತ್ತಿತ್ತು, ಅಷ್ಟೇ. ಫೋನಿನ ಲೊಕೇಶನ್ ಹಂಚಿಕೊಳ್ಳಲು ಅವನು ಖುಷಿಯಾಗಿ ಒಪ್ಪಿದ. ಫೋನನ್ನು ಹಾಸಿಗೆಯಲ್ಲೇ ಬಿಟ್ಟು ಹೋಗುತ್ತಿದ್ದ. ಇದರಿಂದ ತೊಂದರೆ ಜಾಸ್ತಿಯೇ ಆಯಿತು. ಹೊರಗೆ ಏನಾದರೂ ಆದರೆ ನಮಗೆ ಫೋನ್ ಮಾಡಲು ಅವನ ಹತ್ತಿರ ಏನೂ ಇರುತ್ತಿರಲಿಲ್ಲ.

ಎಲ್ಲ ಸೇರಿ ನನ್ನ ಆಗಿನ ಸಂಬಳದಲ್ಲಿ ಅರ್ಧ ತಿಂಗಳಿನದು ಹೋಯಿತು. ಸ್ವಲ್ಪ ಜಾಸ್ತಿಯೇ ಇರಬಹುದು.

ಬೀಗದ ವಿಷಯ ಬೇರೆಯಾಗಿ ಹೇಳಲೇಬೇಕು. ಒಳಗಿನಿಂದ ತೆಗೆಯಲೂ ಕೀಲಿಕೈ ಬೇಕಾಗುವಂಥ ಬೀಗ ಹಾಕಿಸಿ, ಕೀಲಿಕೈಯನ್ನು ದಿಂಬಿನಡಿ ಇಟ್ಟುಕೊಂಡು ಮಲಗುತ್ತಿದ್ದೆ. ಅವನು ಮೇಲಿನ ಬಾಲ್ಕನಿಯಿಂದ ನೀರಿನ ಪೈಪ್ ಹಿಡಿದು ಇಳಿಯತೊಡಗಿದ. ಬಾಗಿಲು ಬಿಗಿಮಾಡಿದಷ್ಟೂ ಅವನು ಹಿಡಿದ ದಾರಿ ಅಪಾಯದ್ದಾಯಿತು. ಮನೆಗೆ ಬೆಂಕಿ ಬಿದ್ದರೆ ಕತ್ತಲಲ್ಲಿ, ಹೊಗೆಯಲ್ಲಿ ಯಾರು ಕೀಲಿಕೈ ಹುಡುಕುತ್ತಾರೆ? ಅಂಥ ಬೀಗ ಯಾರೂ ಹಾಕಬೇಡಿ. ನಾನು ಮಾರನೇ ವಾರವೇ ತೆಗೆಸಿದೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದ್ದೆ. ರಾತ್ರಿ ಹನ್ನೊಂದಕ್ಕೆ ವೈಫೈ ಆಫ್ ಮಾಡುವುದು. ಬೇಜಾರಾಗಿ ಬೇಗ ಮಲಗುತ್ತಾನೆ ಅಂದುಕೊಂಡಿದ್ದೆ. ಗೆಳೆಯರ ಜೊತೆ ಫೋನಿನಲ್ಲಿ ಆಡುತ್ತಿದ್ದ ಹರಟೆ ನಿಂತು, ಅವರನ್ನು ನೋಡಲು ನಡೆದೇ ಹೊರಟ. ಹೊರಗೆ ಹೋಗುವುದು ಜಾಸ್ತಿಯಾಯಿತು! ಆದರೂ ಇದೇ ನನಗೆ ಸುಳಿವು ಕೊಟ್ಟದ್ದು. ಅವನಿಗೆ ಬೇಕಾಗಿದ್ದದ್ದು ಗೆಳೆಯರ ಜೊತೆ, ಯಾರೂ ಕೂಗಿ ಕರೆಯದ ಒಂದೆರಡು ಗಂಟೆ. ಆಮೇಲೆ ಒಂದು ಡೈರಿಯಲ್ಲಿ ಬರೆದಿಡತೊಡಗಿದೆ. ಹೋದ ರಾತ್ರಿಗಳಲ್ಲಿ ಮುಕ್ಕಾಲು ಪಾಲು ರಜೆಯ ಹಿಂದಿನ ದಿನದವು. ಹೊರಡುವುದು ಹನ್ನೆರಡರ ಆಸುಪಾಸು. ಈ ವಯಸ್ಸಿನಲ್ಲಿ ದೇಹದ ಗಡಿಯಾರವೇ ಒಂದೆರಡು ಗಂಟೆ ನಿಧಾನವಾಗುತ್ತದೆ, ನಿದ್ದೆ ಬರುವುದೇ ತಡ. ಹತ್ತಕ್ಕೆ ಮಲಗಿಸಿದರೆ ಎಚ್ಚರವಾಗಿ ಬಿದ್ದುಕೊಂಡು ಯೋಜನೆ ಹಾಕುತ್ತಾರೆ.

ಆಗಲೇ ಒಂದು ವಿಷಯ ಓದಿದೆ. ಸ್ವೀಡನ್ನಿನಲ್ಲಿ ಕೆಲಸ ಮಾಡುತ್ತಿದ್ದ ಸ್ಟಾಟಿನ್ ಮತ್ತು ಕೆರ್ ಎಂಬ ಇಬ್ಬರು ಸಂಶೋಧಕರು 2000ರಲ್ಲಿ ಬರೆದದ್ದು. ಮಕ್ಕಳ ಓಡಾಟದ ಬಗ್ಗೆ ಅಪ್ಪ ಅಮ್ಮನಿಗೆ ಗೊತ್ತಿರುವುದರಲ್ಲಿ ಹೆಚ್ಚಿನ ಪಾಲು ಕಾವಲಿನಿಂದ ಸಿಕ್ಕಿದ್ದಲ್ಲ, ಮಕ್ಕಳೇ ತಾವಾಗಿ ಹೇಳಿದ್ದು ಅಂತ. ನಮ್ಮ ಮನೆಯ ಕ್ಯಾಮೆರಾ ನೆನಪಾಯಿತು. ಮಗ ಬಾಯಿ ಬಿಡುವ ಹಾಗೆ ಏನಾದರೂ ಮಾಡಬೇಕು ಅಂತ ಅವತ್ತೇ ಗಟ್ಟಿ ಮಾಡಿಕೊಂಡೆ.

ಅವನನ್ನು ಕೂರಿಸಿಕೊಂಡು ಹೇಳಿದೆ: ಮುಂದಿನ ಬಾಗಿಲಿನಿಂದಲೇ ಹೋಗು. ವಾರಕ್ಕೊಂದು ರಾತ್ರಿ, ರಜೆಯ ಹಿಂದಿನ ದಿನ ಮಾತ್ರ. ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸ್ ಅಂತ ಚೀಟಿ ಬರೆದಿಡು. ಫೋನ್ ಜೊತೆಯಲ್ಲಿರಲಿ. ಹುಡುಗರು ಓಡಿಸುವ ಗಾಡಿ ಹತ್ತಬೇಡ. ಈ ಕೊನೆಯ ಮಾತಿನಲ್ಲಿ ಎಳ್ಳಷ್ಟೂ ಸಡಿಲ ಇಲ್ಲ ಅಂದೆ. ಜೊತೆಗೆ ಗೆಳೆಯರಿದ್ದರೆ ಈ ವಯಸ್ಸಿನವರು ಅಪಾಯಕ್ಕೆ ಬೇಗ ಕೈ ಹಾಕುತ್ತಾರೆ. ಇದನ್ನು ಕಂಪ್ಯೂಟರಿನಲ್ಲಿ ಡ್ರೈವಿಂಗ್ ಆಟ ಆಡಿಸಿ ಪರೀಕ್ಷಿಸಿದ ಸಂಶೋಧಕರೂ ಇದ್ದಾರೆ.

"ಅಮ್ಮ, ನಿಜವಾಗ್ಲೂ? ಅಪ್ಪಂಗೆ ಗೊತ್ತಾ?" ಅಂದ. ಅವರಿಗೆ ಗೊತ್ತಿತ್ತು. ಒಪ್ಪಿಸಲು ನನಗೆ ಹತ್ತಿರ ಹತ್ತಿರ ಒಂದು ತಿಂಗಳು ಹಿಡಿದಿತ್ತು.

ನಮ್ಮ ಕಡೆಯಿಂದ ಎರಡು ಮಾತು ಕೊಟ್ಟೆವು. ಯಾವ ಹೊತ್ತಿಗೆ ಫೋನ್ ಬಂದರೂ ಬಂದು ಕರೆದುಕೊಂಡು ಹೋಗುತ್ತೇವೆ, ಮಾರನೇ ದಿನದವರೆಗೆ ಒಂದು ಪ್ರಶ್ನೆಯೂ ಇಲ್ಲ. ಗೆಳೆಯರ ಮುಂದೆ ಮುಜುಗರ ಆಗದ ಹಾಗೆ ಫೋನಿನಲ್ಲಿ ಹೇಳಲು ಒಂದು ಗುಟ್ಟಿನ ಮಾತೂ ಇದೆ. ಅದು ಇನ್ನೂ ಚಾಲ್ತಿಯಲ್ಲಿರುವುದರಿಂದ ಬರೆಯಲಾರೆ. ನೀವೂ ಒಂದು ಮಾಡಿಕೊಳ್ಳಿ, ಮಗನೇ ಆರಿಸಲಿ. ಎರಡನೆಯದು, ಬಾಗಿಲ ಹತ್ತಿರ ಒಂದು ಕವರ್. ಟ್ಯಾಕ್ಸಿಯಲ್ಲಿ ವಾಪಸ್ ಬರಲು ಸಾಕಾಗುವಷ್ಟು ದುಡ್ಡು ಅದರಲ್ಲಿ. ಮೊದಮೊದಲು ಕವರ್ ಖಾಲಿಯಾಗುತ್ತಲೇ ಇತ್ತು. ತಿಂಡಿಗೆ ಹೋಗುತ್ತಿದೆ ಅಂತ ನನಗೆ ಗೊತ್ತಿತ್ತು. ಸುಮ್ನೆ ತುಂಬಿಸಿದೆ. ಮೂರು ತಿಂಗಳಾದ ಮೇಲೆ ಅದನ್ನು ಮುಟ್ಟುವುದೇ ಅಪರೂಪವಾಯಿತು. ಸೆನ್ಸರುಗಳ ಲೆಕ್ಕದ ಮುಂದೆ ಇದು ಏನೂ ಅಲ್ಲ.

ಬಾಗಿಲ ಸೆನ್ಸರನ್ನು ಬಿಸಾಡಲಿಲ್ಲ. ಕಿರುಚುವ ಸದ್ದು ತೆಗೆದು ಮೆತ್ತಗಿನ ಗಂಟೆ ಇಟ್ಟೆವು. ಅವನು ಒಳಗೆ ಬಂದಾಗ ಅದು ಒಮ್ಮೆ ಬಾರಿಸುತ್ತದೆ, ನಾನು ಮಗ್ಗುಲು ಬದಲಿಸಿ ಮಲಗುತ್ತೇನೆ. ಮಾಡಿದ ಬದಲಾವಣೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ.

ಶುರುವಿನಲ್ಲಿ ಎಲ್ಲ ಸರಾಗವಾಗಿರಲಿಲ್ಲ. ಎರಡು ಮೂರು ಸಲ ಚೀಟಿಯಲ್ಲಿ ಸುಳ್ಳು ಬರೆದ. ಆಗ ಕೂಗಾಡಲಿಲ್ಲ, ಮುಂದಿನ ವಾರದ ರಾತ್ರಿ ರದ್ದು. ತಡವಾದರೆ ಎಷ್ಟು ನಿಮಿಷ ತಡವೋ ಅದರ ಎರಡರಷ್ಟು ಮುಂದಿನ ಸಲ ಕಡಿತ. ಇದು ಅವನೇ ಸೂಚಿಸಿದ ಲೆಕ್ಕ, ಅದಕ್ಕೇ ಉಳಿಯಿತು. ಫೋನ್ ಬಂದದ್ದು ಇಲ್ಲಿಯವರೆಗೆ ಮೂರೋ ನಾಲ್ಕೋ ಸಲ. ಒಂದು ಸಲ ಅಲ್ಲಿ ಯಾರೋ ಕುಡಿದು ಜಗಳ ತೆಗೆದಿದ್ದರು. ಯಜಮಾನರು ಹೋಗಿ ಇವನ ಜೊತೆ ಇನ್ನಿಬ್ಬರು ಹುಡುಗರನ್ನೂ ಕರೆತಂದರು. ಮಾರನೇ ದಿನ ಅವನೇ ಕೂತು ಎಲ್ಲ ಹೇಳಿದ.

ಎಲ್ಲ ಮನೆಗೂ ಇದು ಸಾಕಾಗುವುದಿಲ್ಲ. ಮಗುವನ್ನು ವಯಸ್ಸಿನಲ್ಲಿ ದೊಡ್ಡವರು ಯಾರೋ ರಾತ್ರಿ ಕರೆಸಿಕೊಳ್ಳುತ್ತಿದ್ದರೆ, ನಶೆಯ ವಿಷಯ ಇದ್ದರೆ, ಅಥವಾ ಮನೆಯೊಳಗಿನ ಯಾರಿಗೋ ಹೆದರಿ ಹೊರಗೆ ಹೋಗುತ್ತಿದ್ದರೆ ಚೀಟಿ, ಕವರ್ ನೆಚ್ಚಿಕೊಂಡು ಕೂರಬೇಡಿ. ಇಂಥ ವಿಷಯ ಬಲ್ಲವರ ಸಹಾಯ ತಕ್ಷಣ ತೆಗೆದುಕೊಳ್ಳಿ. ನಾನೂ ಮೊದಲು ಈ ಮೂರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡೇ ಶುರು ಮಾಡಿದ್ದು.

ಮಗಳಿಗೆ ಈಗ 13 ಮುಗಿಯಿತು. 15ಕ್ಕೆ ತನಗೂ ಅಣ್ಣನಷ್ಟೇ ಹೊತ್ತು ಬೇಕು, ಹುಡುಗಿ ಅಂತ ಒಂದು ನಿಮಿಷವೂ ಕಡಿಮೆ ಮಾಡಬಾರದು ಅಂತ ಈಗಲೇ ಬರೆಸಿಕೊಂಡಿದ್ದಾಳೆ. ಸಹಿ ಹಾಕಿದ್ದೇನೆ. ಅವಳ ಕವರಿನಲ್ಲಿ ದುಡ್ಡು ಸ್ವಲ್ಪ ಜಾಸ್ತಿ ಇಡುವುದು ಅಂತ ಯಜಮಾನರು ಹೇಳಿದ್ದಾರೆ. ಅಣ್ಣನಿಗೂ ಅಷ್ಟೇ ಇಡಬೇಕು ಅನ್ನುವುದು ಅವಳ ವಾದ. ಅದಿನ್ನೂ ತೀರ್ಮಾನವಾಗಿಲ್ಲ.