ಮಣ್ಣಿನ ಬಣ್ಣ, ಕಾಗದದ ಕೌದಿ

ಪ್ರೌಢಶಾಲೆಯ ಮಕ್ಕಳಿಗೆ ‘ವಿವಿಧತೆಯಲ್ಲಿ ಏಕತೆ’ ಎಂದು ವಿಷಯ ಕೊಟ್ಟು ನೋಡಿ. ಎಲ್ಲರ ಹಾಳೆಯಲ್ಲೂ ಹೆಚ್ಚುಕಡಿಮೆ ಒಂದೇ ಚಿತ್ರ ಬರುತ್ತದೆ: ನಡುವೆ ಭಾರತದ ನಕ್ಷೆ, ಸುತ್ತ ಕೈಕೈ ಹಿಡಿದ ನಾಲ್ವರು. ಒಬ್ಬನಿಗೆ ಜುಟ್ಟು, ಒಬ್ಬನಿಗೆ ಟೋಪಿ, ಒಬ್ಬನಿಗೆ ಪೇಟ, ಇನ್ನೊಬ್ಬನ ಕೊರಳಲ್ಲಿ ಶಿಲುಬೆ. ಅಂಗವಿಕಲರ ದಿನದ ಪೋಸ್ಟರ್ ಆದರೆ ಒಂದು ಗಾಲಿಕುರ್ಚಿ, ಅದನ್ನು ತಳ್ಳುವ ಒಬ್ಬ ದಯಾವಂತ. ಇದು ಕಣ್ಣಿಂದ ನೋಡಿ ಬರೆದದ್ದಲ್ಲ, ಹಿಂದಿನ ವರ್ಷದ ಪೋಸ್ಟರಿನಿಂದ ಇಳಿಸಿದ್ದು. ಅದೇ ಬೆಂಚಿನಲ್ಲಿ ಕೂತಿರುವ ತಾಂಡಾದ ಹುಡುಗಿ, ಕಿವಿ ಕೇಳದ ಹುಡುಗ ಆ ಚಿತ್ರದೊಳಗೆ ಎಲ್ಲೂ ಇರುವುದಿಲ್ಲ.

ಹಾಗಾಗಿ ಆ ವಿಷಯವನ್ನು ನಾನು ಕೊಡುವುದೇ ಇಲ್ಲ. ಬಣ್ಣ ಯಾರು ಕಲಸಿದರು, ನೀರು ಯಾರು ತಂದರು, ಯಾರ ಹಾಳೆಯ ಪಕ್ಕ ಯಾರ ಹಾಳೆ ಬಂತು, ಯಾರ ಕೈಲಿ ಆಗದ ಕೆಲಸವನ್ನು ಯಾರು ಕಿತ್ತುಕೊಂಡು ಮಾಡಿಬಿಟ್ಟರು: ಮಕ್ಕಳು ಒಬ್ಬರನ್ನೊಬ್ಬರು ಅರಿಯುವುದು ಇಂಥ ಕಡೆ. ಚಿತ್ರದ ವಿಷಯ ಅದಕ್ಕೆ ಒಂದು ನೆಪ. ಚಿತ್ರದುರ್ಗ ಜಿಲ್ಲೆಯ ಶಾಲೆಯಲ್ಲಿ 8 ಮತ್ತು 9ನೇ ತರಗತಿಗೆ ನಾನು ಮಾಡಿಸುವ ಕೆಲಸ ಒಂದು ಕಾಗದದ ಕೌದಿ. 40 ಮಕ್ಕಳು, 40 ಚೌಕ; ಎರಡು ಪೀರಿಯಡ್ ಜೋಡಿಸಿಕೊಂಡರೆ ನಾಲ್ಕು ವಾರದಲ್ಲಿ ಮುಗಿಯುತ್ತದೆ. ಪ್ರತಿ ಚೌಕದಲ್ಲಿ ಎರಡೇ ಸಂಗತಿ: ಮಗು ರಾತ್ರಿ ಹೊದ್ದು ಮಲಗುವ ಹೊದಿಕೆಯ ನಮೂನೆ, ಮತ್ತು ಆ ಹೊದಿಕೆಯ ಅಂಚು ಹಿಡಿದ ಅದರದೇ ಕೈ.

ಹೊದಿಕೆಯನ್ನೇ ಆರಿಸಲು ಕಾರಣವಿದೆ. ‘ನಿಮ್ಮ ಸಂಸ್ಕೃತಿಯ ವಸ್ತು ತನ್ನಿ’ ಎಂದರೆ ಅದು ನೇರವಾಗಿ ಜಾತಿ ಕೇಳಿದ ಹಾಗೆ. ‘ನಿಮ್ಮ ಮನೆ ಬರೆಯಿರಿ’ ಎಂದರೆ ತಗಡಿನ ಸೂರಿನ ಮನೆಯ ಮಗು ಸುಳ್ಳು ಮಹಡಿ ಬರೆಯುತ್ತದೆ. ಹಬ್ಬ ಎಂದರೆ ಯಾವ ಹಬ್ಬ ಎಂಬ ಪ್ರಶ್ನೆ. ಹೊದಿಕೆ ಎಲ್ಲರ ಮನೆಯಲ್ಲೂ ಇದೆ, ಹರಿದದ್ದೂ ಚಂದವೇ. ನಮ್ಮ ಕಡೆ ಅದರಲ್ಲಿ ಬಗೆಯೂ ಬಹಳ: ಚಳ್ಳಕೆರೆ ಕಡೆಯ ಕರಿ ಕಂಬಳಿ, ಹಳೇ ಸೀರೆ ಒಟ್ಟಿ ಹೊಲಿದ ಕೌದಿ, ಸೊಲ್ಲಾಪುರದ ಚಾದರ, ಹಾಸ್ಟೆಲಿನಲ್ಲಿ ಕೊಟ್ಟ ಜಮಖಾನ, ಹುಲಿ ಚಿತ್ರದ ರಗ್ಗು. ಇಲ್ಲಿ ಶಿಕ್ಷಕರು ಬಾಯಿ ಬಿಗಿಹಿಡಿಯಬೇಕು. ತಾಂಡಾದ ಹುಡುಗಿಗೆ ‘ಕನ್ನಡಿ ಕಸೂತಿ ಬರಿಯಮ್ಮ, ಚೆನ್ನಾಗಿರತ್ತೆ’ ಅನ್ನಲು ನಾಲಿಗೆ ತುದಿಗೆ ಬಂದಿರುತ್ತದೆ. ಅವಳು ನಿಜವಾಗಿ ಹೊದೆಯುವುದು ಹುಲಿ ರಗ್ಗನ್ನೇ ಇರಬಹುದು, ಕನ್ನಡಿಯ ಲಂಗ ಅಜ್ಜಿಯ ಪೆಟ್ಟಿಗೆಯಲ್ಲಿರಬಹುದು. ಕುರುಬರ ಹುಡುಗನಿಗೆ ಕಂಬಳಿಯೇ ಬರೆಯಬೇಕೆಂಬ ಕಟ್ಟಳೆಯೂ ಇಲ್ಲ. ಏನು ಹೊದೆಯುತ್ತೀಯೋ ಅದನ್ನು ಬರಿ, ಅಷ್ಟೇ.

ಹಾಳೆಯ ಲೆಕ್ಕ ಮೊದಲು. 22×28 ಇಂಚಿನ ದಪ್ಪ ಡ್ರಾಯಿಂಗ್ ಶೀಟಿನಲ್ಲಿ 17.5 ಸೆಂ.ಮೀ. ಚೌಕಗಳು 12 ಬರುತ್ತವೆ. ನಾಲ್ಕು ಶೀಟಿಗೆ 48, ಅಂದರೆ 8 ಹೆಚ್ಚುವರಿ, ಅವು ಬೇಕೇಬೇಕಾಗುತ್ತವೆ. ಚಾರ್ಟ್ ಪೇಪರ್ ಬೇಡ, ಮಣ್ಣಿನ ಬಣ್ಣದ ತೇವಕ್ಕೆ ಹಪ್ಪಳದಂತೆ ಸುರುಳಿಕೊಳ್ಳುತ್ತದೆ. ಸಾಲಿಗೆ 8ರಂತೆ 5 ಸಾಲು ಜೋಡಿಸಿದರೆ 140×87.5 ಸೆಂ.ಮೀ. ಕೌದಿ ಆಗುತ್ತದೆ. ಪ್ರತಿ ಚೌಕದ ಎಡ ಬಲ ಅಂಚಿನಲ್ಲಿ 1.5 ಸೆಂ.ಮೀ. ಪಟ್ಟಿ ಖಾಲಿ ಬಿಡಿಸಿ. ಪಕ್ಕದ ಚೌಕದ ಪಟ್ಟಿಯೂ ಸೇರಿದರೆ 3 ಸೆಂ.ಮೀ. ಆಯಿತು. ಆ ಪಟ್ಟಿಯ ಕತೆ ಆಮೇಲೆ.

ಮೊದಲ ವಾರವೆಲ್ಲ ಮೈಬಣ್ಣದ ಕೆಲಸ. ಬಣ್ಣದ ಪೆಟ್ಟಿಗೆಯಲ್ಲಿ ಮಕ್ಕಳು ‘ಸ್ಕಿನ್ ಕಲರ್’ ಎಂದು ಕರೆಯುವ ಒಂದು ತಿಳಿಗುಲಾಬಿ ಕ್ರೇಯಾನ್ ಇರುತ್ತದೆ. ತರಗತಿಯಲ್ಲಿ ಆ ಬಣ್ಣದ ಮೈ ಯಾರದ್ದೂ ಇಲ್ಲ, ಆದರೂ ಎಲ್ಲರೂ ಅದನ್ನೇ ಬಳಿಯುತ್ತಾರೆ. ಅದನ್ನು ತೆಗೆದಿಡಿಸಿ, ಮಣ್ಣು ತರಿಸುತ್ತೇನೆ. ನಮ್ಮ ಜಿಲ್ಲೆಯಲ್ಲಿ ಕೆಮ್ಮಣ್ಣೂ ಇದೆ, ಕಪ್ಪು ಎರೆ ಮಣ್ಣೂ ಇದೆ. 40 ಮಕ್ಕಳಿಗೆ ಒಣಗಿದ ಕೆಮ್ಮಣ್ಣು 3 ಕಿಲೋ, ಎರೆ ಒಂದೂವರೆ ಕಿಲೋ ಧಾರಾಳ. ಬಿಳುಪಿಗೆ ಶಾಲೆಯ ಮುರುಕು ಸೀಮೆಸುಣ್ಣದ ಪುಡಿ. ಗೋಡೆಗೆ ಬಳಿಯುವ ಸುಣ್ಣವನ್ನು ಖಂಡಿತ ತರಿಸಬೇಡಿ, ಅದು ಕೈ ಸುಡುತ್ತದೆ, ಕಣ್ಣಿಗೆ ಸಿಡಿದರೆ ಅಪಾಯ.

ಮಣ್ಣನ್ನು ಕುಟ್ಟಿ, ಹಿಟ್ಟಿನ ಜರಡಿಯಲ್ಲಿ ಜರಡಿ ಹಿಡಿದು, ಒಂದು ಪಾಲಿಗೆ ನಾಲ್ಕು ಪಾಲು ನೀರು ಹಾಕಿ ಕಲಕಬೇಕು. ಒಂದು ನಿಮಿಷ ಬಿಟ್ಟರೆ ಮರಳು ತಳಕ್ಕೆ ಇಳಿಯುತ್ತದೆ. ಮೇಲಿನ ಕದಡು ನೀರನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತಿಳಿನೀರು ಚೆಲ್ಲಿ, ಉಳಿದ ಕೆಸರನ್ನು ತಟ್ಟೆಯಲ್ಲಿ ಹರಡಿ ಒಣಗಿಸಿದರೆ ನುಣ್ಣನೆಯ ಪುಡಿ. ಮಳೆಗಾಲದಲ್ಲಿ ಇದು ಒಣಗುವುದಿಲ್ಲ, ನವೆಂಬರ್ ನಂತರವೇ ಸರಿ. ಬಣ್ಣಕ್ಕೆ 4 ಟೀ ಚಮಚ ಪುಡಿ, 2 ಚಮಚ ಫೆವಿಕಾಲ್, 2 ಚಮಚ ನೀರು. ಅಂಟು ಕಡಿಮೆಯಾದರೆ ಒಣಗಿದ ಮೇಲೆ ಕೈಗೆ ಪುಡಿ ಮೆತ್ತುತ್ತದೆ; ಹೆಚ್ಚಾದರೆ ಮಿರಿಮಿರಿ ಮಿಂಚಿ, ಹಾಳೆ ಬಗ್ಗಿಸಿದಾಗ ಪದರ ಏಳುತ್ತದೆ. ತರಗತಿಗೆಲ್ಲ ಒಂದು ಕಿಲೋ ಫೆವಿಕಾಲ್ ತಂದರೆ ದಾರ ಅಂಟಿಸಲೂ ಉಳಿಯುತ್ತದೆ.

ಎರೆ ಮಣ್ಣು ಮಾತ್ರ ಹಠಮಾರಿ. ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಿರಿಯುವುದು ಯಾಕೋ ಹಾಳೆಯ ಮೇಲೆ ಬಣ್ಣ ಬಿರಿಯುವುದೂ ಅದಕ್ಕೇ. ದಪ್ಪಗೆ ಒಂದೇ ಸಲ ಬಳಿಯದೆ ತೆಳ್ಳಗೆ ಎರಡು ಮೂರು ಸಲ ಬಳಿಸಬೇಕು, ಒಂದು ಪದರ ಆರಿದ ಮೇಲೆ ಇನ್ನೊಂದು. ಹಾಗೂ ಬಿರಿದರೆ ಎರೆ ಪುಡಿಯಲ್ಲಿ ಅರ್ಧ ತೆಗೆದು ಅಷ್ಟೇ ಇದ್ದಿಲ ಪುಡಿ ಸೇರಿಸಿ.

ಈಗ ಮಗು ಕೆಂಪು, ಎರೆ, ಬಿಳಿ ಮೂರನ್ನೂ ಬೇಕಾದ ಪ್ರಮಾಣದಲ್ಲಿ ಕಲಸಿ ಒಂದು ಕಾಗದದ ಪಟ್ಟಿಗೆ ಬಳಿದು, ಒಣಗಿಸಿ, ಮುಂಗೈಯ ಒಳಬದಿಗೆ ಹಿಡಿದು ನೋಡುತ್ತದೆ. ಒಣಗುವ ತನಕ ಕಾಯಲೇಬೇಕು, ಹಸಿ ಬಣ್ಣ ಕಪ್ಪಾಗಿ ಕಂಡು ಆರಿದ ಮೇಲೆ ತಿಳಿಯಾಗುತ್ತದೆ. ಕಿಟಕಿಯ ಬೆಳಕಿನಲ್ಲೇ ನೋಡಬೇಕು. ಮುಖಕ್ಕೆ ಹಿಡಿಸಬೇಡಿ, ಅಲ್ಲಿಂದಲೇ ‘ಕರಿಯ’ ‘ಕೆಂಚ’ ಎಂಬ ಅಡ್ಡಹೆಸರು ಶುರುವಾಗುತ್ತದೆ. ಪಟ್ಟಿಗಳನ್ನು ತಿಳಿಯಿಂದ ಗಾಢಕ್ಕೆ ಸಾಲಾಗಿ ಜೋಡಿಸುವುದೂ ಬೇಡ, ಅಂಥ ಸಾಲಿಗೆ ಒಂದು ತಲೆ, ಒಂದು ಬಾಲ ಹುಟ್ಟಿಬಿಡುತ್ತದೆ. ಪಟ್ಟಿಯ ಹಿಂದೆ ಹೆಸರಿನ ಬದಲು ಅಳತೆ ಬರೆಸುತ್ತೇನೆ: ‘ಕೆಮ್ಮಣ್ಣು 3, ಎರೆ 1, ಸೀಮೆಸುಣ್ಣ ಅರ್ಧ’. ಮುಂದಿನ ತರಗತಿಯಲ್ಲಿ ಪಟ್ಟಿಗಳನ್ನು ಬುಟ್ಟಿಗೆ ಹಾಕಿ ಒಬ್ಬರದ್ದು ಇನ್ನೊಬ್ಬರಿಗೆ ಸಿಗುವಂತೆ ಹಂಚಿ, ಆ ಅಳತೆಯಲ್ಲಿ ಬಣ್ಣ ಕಲಸಿಕೊಡಲು ಹೇಳಿದರೆ ಸಾಕು. ಚಮಚದ ತಲೆ ಸವರದೆ ಅಳೆದವರ ಗುಟ್ಟೆಲ್ಲ ಆಗ ಬಯಲಾಗುತ್ತದೆ. ತನ್ನ ಕೈಗೆ ಬೇಕಾದ ಬಣ್ಣವನ್ನು ಇನ್ನೊಬ್ಬರು ಕಲಸಿಕೊಟ್ಟಿರುತ್ತಾರೆ, ಅವರು ಯಾರೆಂದು ಹುಡುಕುವ ಗದ್ದಲ ಬೇರೆ.

ಕೈ ಬರೆಯುವಾಗ ‘ಕೈ ಅಥವಾ ಕಾಲು’ ಎಂದೇ ಎಲ್ಲರಿಗೂ ಹೇಳಬೇಕು. ಬೆರಳಿಲ್ಲದ ಮಗುವಿಗೆ ಮಾತ್ರ ಆ ಆಯ್ಕೆ ಕೊಟ್ಟರೆ ಎಲ್ಲರ ಕಣ್ಣೂ ಅದರ ಮೇಲೆ. ಇಡೀ ಕೆಲಸದ ಗುಟ್ಟು ಇದೇ: ಒಬ್ಬರಿಗೆ ಬೇಕಾದ ಅನುಕೂಲವನ್ನು ಎಲ್ಲರ ನಿಯಮ ಮಾಡುವುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸುತ್ತದೆ. ಅವುಗಳಲ್ಲಿ ಹಲವು ನೋಡಿದರೆ ತಿಳಿಯುವಂಥವಲ್ಲ. ಯಾರಿಗೆ ಏನು ಕಷ್ಟ ಎಂದು ಪಟ್ಟಿ ಮಾಡಿಕೊಂಡು ಕೂರುವುದಕ್ಕಿಂತ ಕೆಲಸವನ್ನೇ ಹಾಗೆ ಕಟ್ಟುವುದು ಸುಲಭ.

ಬಣ್ಣದ ಡಬ್ಬಿಗಳಿಗೆ ರಬ್ಬರ್ ಬ್ಯಾಂಡ್ ಹಾಕಿಡಿ: ಒಂದಿದ್ದರೆ ಕೆಂಪು, ಎರಡಿದ್ದರೆ ಎರೆ, ಮೂರಿದ್ದರೆ ಬಿಳಿ. ಕಣ್ಣು ಕಾಣದ ಮಗು ಮುಟ್ಟಿ ತಿಳಿಯುತ್ತದೆ. ಕೆಂಪು ಹಸಿರು ಗುರುತಿಸದ ಹುಡುಗರೂ ತರಗತಿಯಲ್ಲಿ ಇರುತ್ತಾರೆ, ಅವರು ಯಾರಿಗೂ ಹೇಳಿಕೊಳ್ಳದೆ ಪಾರಾಗುತ್ತಾರೆ. ಹೊದಿಕೆಯ ನಮೂನೆಗೆ ಬಳಸುವ ಪೋಸ್ಟರ್ ಕಲರಿನ ಬಾಟಲಿಗಳಿಗೆ ಬಣ್ಣದ ಹೆಸರಿನ ಚೀಟಿ ಅಂಟಿಸಿ. ಹಾಳೆಯ ನಾಲ್ಕು ಮೂಲೆಗೂ ಟೇಪ್ ಹಾಕಿ ಡೆಸ್ಕಿಗೆ ಅಂಟಿಸುವುದು ಎಲ್ಲರಿಗೂ ಕಡ್ಡಾಯ. ಕೈ ನಡುಗುವ ಮಗುವಿಗೆ ಅದೇ ಅರ್ಧ ಸಹಾಯ. ಬ್ರಷ್ಷಿನ ಹಿಡಿಗೆ ಹಳೇ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದರೆ ಹಿಡಿತ ದಪ್ಪವಾಗುತ್ತದೆ, ಜಾರುವುದಿಲ್ಲ. ಹಂತಗಳನ್ನು ಬೋರ್ಡಿನ ಮೇಲೆ ಚಿತ್ರದಲ್ಲೇ ಬರೆದಿಡಿ. ಮಾಡಿ ತೋರಿಸುವಾಗ ಮಾತಾಡಬೇಡಿ, ಮಾತಾಡುವಾಗ ಕೈ ನಿಲ್ಲಿಸಿ ಮಕ್ಕಳ ಕಡೆ ತಿರುಗಿ. ಕಿವಿ ಕೇಳದ ಮಗು ಕೈಯನ್ನೂ ತುಟಿಯನ್ನೂ ಒಟ್ಟಿಗೆ ನೋಡಲಾರದು. ಅಂಟು, ಮಣ್ಣು ಬೆರಳಿಗೆ ತಾಗಿದರೆ ಚೀರುವ ಮಕ್ಕಳೂ ಉಂಟು. ಅವರಿಗೆ ಸ್ಪಂಜು, ಐಸ್‌ಕ್ರೀಮ್ ಕಡ್ಡಿ ಇರಲಿ; ಮುಟ್ಟಲೇಬೇಕೆಂಬ ಬಲವಂತ ಬೇಡ.

ತಾಲ್ಲೂಕಿನ ಬಿಐಇಆರ್‌ಟಿಯನ್ನು, ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳಿಗೆಂದೇ ಇರುವ ಸಂಪನ್ಮೂಲ ಶಿಕ್ಷಕರನ್ನು, ಮೊದಲ ವಾರವೇ ಕರೆಸಿಕೊಳ್ಳಿ. ಯಾವ ಮಗು ಎಷ್ಟು ಹೊತ್ತು ಕೂರಬಲ್ಲದು, ಯಾವ ಕೈ ಬಲ ಎಂಬುದು ಅವರಿಗೆ ಗೊತ್ತಿರುತ್ತದೆ. ಗೃಹಾಧಾರಿತ ಶಿಕ್ಷಣದಲ್ಲಿರುವ ಮಗುವಿನ ಚೌಕವನ್ನು ಅವರ ಕೈಲೇ ಮನೆಗೆ ಕಳಿಸಿ ತರಿಸಬಹುದು. ಆ 8 ಹೆಚ್ಚುವರಿ ಚೌಕ ಇದಕ್ಕೂ ಬೇಕು.

ಅತಿ ಹೆಚ್ಚು ಕೆಡುವುದು ಸಹಾಯದಿಂದ. ನಿಧಾನವಾಗಿ ಮಾಡುವ ಮಗುವಿನ ಹಾಳೆಯನ್ನು ಪಕ್ಕದ ಜಾಣೆ ಎಳೆದುಕೊಂಡು ‘ಕೊಡೇ, ನಾನೇ ಬರೆದುಕೊಡ್ತೀನಿ’ ಎನ್ನುತ್ತಾಳೆ. ಮನಸ್ಸು ಒಳ್ಳೆಯದೇ, ಕೆಲಸ ಕೆಟ್ಟದ್ದು. ನಿಯಮ ಒಂದೇ: ಹಾಳೆ ಹಿಡಿಯಬಹುದು, ನೀರು ತರಬಹುದು, ಬ್ರಷ್ ತೊಳೆದುಕೊಡಬಹುದು, ಇನ್ನೊಬ್ಬರ ಚೌಕದ ಮೇಲೆ ಗೆರೆ ಎಳೆಯುವಂತಿಲ್ಲ. ಶಿಕ್ಷಕರಿಗೂ ಇದೇ ನಿಯಮ, ಪ್ರದರ್ಶನದ ಹಿಂದಿನ ದಿನವೂ.

ಇನ್ನು ಆ 3 ಸೆಂ.ಮೀ. ಪಟ್ಟಿ. ಜಾಗ ಚೀಟಿ ಎತ್ತಿ ನಿರ್ಧಾರ, 1ರಿಂದ 40. ಅದಲುಬದಲು ಇಲ್ಲ. ಯಾವ ಮಗುವೂ ಒಂಟಿಯಾಗಬಾರದೆಂದು ಒಂದೆರಡು ಚೀಟಿಯನ್ನು ಮೊದಲೇ ಸರಿಮಾಡಿಟ್ಟುಕೊಳ್ಳುವುದು ಶಿಕ್ಷಕರ ಕೈಚಳಕ, ಅದರಲ್ಲಿ ತಪ್ಪಿಲ್ಲ. ಪಕ್ಕಪಕ್ಕದವರು ಕೂಡಿ ತಮ್ಮಿಬ್ಬರ ನಡುವಿನ ಪಟ್ಟಿಗೆ ಒಂದು ನಮೂನೆ ಒಪ್ಪಿಕೊಳ್ಳಬೇಕು. ಕೂಡುಗೆರೆಯನ್ನು ಕನಿಷ್ಠ ಮೂರು ಕಡೆ ದಾಟುವಂತಿರಬೇಕು. ಮೊಳಕಾಲ್ಮೂರು ರೇಷ್ಮೆ ಸೀರೆ ಒಂದನ್ನು ತಂದು ಒಡಲು ಮತ್ತು ಅಂಚು ಕೂಡುವ ಜಾಗವನ್ನು ತೋರಿಸಿದರೆ ಮಕ್ಕಳಿಗೆ ಬೇಗ ಹೊಳೆಯುತ್ತದೆ. ನಾಲ್ಕೂ ಕಡೆ ಇಂಥ ಒಪ್ಪಂದ ಇಟ್ಟರೆ ಗಲಾಟೆ ಮಾತ್ರ ಉಳಿಯುತ್ತದೆ, ಎಡ ಬಲ ಸಾಕು.

ಒಪ್ಪಂದದ ಮೊದಲ 10 ನಿಮಿಷ ಯಾರೂ ಮಾತಾಡುವಂತಿಲ್ಲ. ಇಬ್ಬರ ನಡುವೆ ಒಂದು ರಫ್ ಚೀಟಿ, ಒಂದೇ ಪೆನ್ಸಿಲ್. ಒಂದು ಗೆರೆ ಇವರದ್ದು, ಒಂದು ಅವರದ್ದು. ಬಾಯಿ ಜೋರಿನವರ ಜೋರು ಇಲ್ಲಿ ನಡೆಯುವುದಿಲ್ಲ. ಕಿವಿ ಕೇಳದ ಮಗು, ಮನೆಯಲ್ಲಿ ತೆಲುಗು, ಉರ್ದು, ಲಂಬಾಣಿ ಆಡುವ ಮಗು ಎಲ್ಲ ಒಂದೇ ಮಟ್ಟಕ್ಕೆ ಬರುತ್ತಾರೆ. ಕಣ್ಣು ಕಾಣದ ಮಗುವಿನ ಜೋಡಿ ಮಾತ್ರ ಮಾತಿನಲ್ಲೇ ಮಾಡಲಿ, ಚೀಟಿಯ ಬದಲು ಮೇಜಿನ ಮೇಲೆ ದಾರ ಹರಡಿಕೊಂಡು. ಒಪ್ಪಿದ ನಮೂನೆಯನ್ನು ಎಲ್ಲರೂ ದಾರದಲ್ಲೇ ಅಂಟಿಸಬೇಕು: ದಪ್ಪ ಹತ್ತಿ ದಾರ, ಒಂದು ಪಟ್ಟಿಗೆ 35 ಸೆಂ.ಮೀ., ಫೆವಿಕಾಲಿನಲ್ಲಿ ಅದ್ದಿ. ನೈಲಾನ್ ದಾರ ಅಂಟು ಹೀರುವುದಿಲ್ಲ, ಬಾಗಿಸಿದಲ್ಲಿ ನಿಲ್ಲದೆ ನೆಟ್ಟಗಾಗಿಬಿಡುತ್ತದೆ. ರಾತ್ರಿ ಆರಿದ ಮೇಲೆ ಬೆರಳಿಟ್ಟು ಓದುವಷ್ಟು ಉಬ್ಬುಗೆರೆ ಸಿದ್ಧ.

ನೀರು ತರುವ, ನೆಲ ಒರೆಸುವ ಸರದಿ ಹಾಜರಿ ಸಂಖ್ಯೆಯ ಪ್ರಕಾರ, ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ. ಹಾಗೆ ಬಿಟ್ಟರೆ ಪೊರಕೆ ಹುಡುಗಿಯರ ಕೈಗೆ, ಬಕೆಟ್ಟು ಕೆಲವೇ ಮಕ್ಕಳ ಕೈಗೆ ಹೋಗುತ್ತದೆ, ಯಾವ ಮಕ್ಕಳೆಂದು ಹೇಳಬೇಕಾಗಿಲ್ಲ. ಈ ಪಟ್ಟಿಯಲ್ಲಿ ಯಾರಿಗೂ ವಿನಾಯಿತಿ ಕೊಡಬೇಡಿ. ಊರುಗೋಲಿನ ಹುಡುಗನಿಗೆ ಬಕೆಟ್ ಬದಲು ಕೂತು ಬ್ರಷ್ ತೊಳೆಯುವ ಕೆಲಸ, ಆದರೆ ಸರದಿ ತಪ್ಪಬಾರದು.

ಪ್ರದರ್ಶನವನ್ನು ಅಂಗವಿಕಲರ ದಿನವಾದ ಡಿಸೆಂಬರ್ 3ಕ್ಕೆ ಇಡುವುದಿಲ್ಲ. ಆ ದಿನ ವೇದಿಕೆಯ ಭಾಷಣ ಕನಿಕರಕ್ಕೆ ತಿರುಗುತ್ತದೆ, ಕೌದಿಯಲ್ಲಿ ಎರಡು ಚೌಕವನ್ನಷ್ಟೇ ಎಲ್ಲರೂ ಹುಡುಕುತ್ತಾರೆ. ಪೋಷಕರ ಸಭೆಯ ದಿನ ವಾಸಿ. ಕೌದಿಯನ್ನು ಹಿಂಬದಿಯಿಂದ ಬಟ್ಟೆ ಟೇಪಿನಲ್ಲಿ ಜೋಡಿಸಿ, ಅದರ ಮೇಲಂಚು ನೆಲದಿಂದ 140 ಸೆಂ.ಮೀ.ಗೆ ಬರುವಂತೆ ತೂಗುಹಾಕಿದರೆ ಗಾಲಿಕುರ್ಚಿಯಲ್ಲಿ ಕೂತವರಿಗೂ ಎಟುಕುತ್ತದೆ. ‘ಮುಟ್ಟಿ ನೋಡಿ’ ಎಂದು ಬರೆದಿರಬೇಕು. ಮುಟ್ಟಿದರೆ ಮಣ್ಣು ಉದುರದಿರಲು ಒಂದು ಪಾಲು ಫೆವಿಕಾಲಿಗೆ ಹತ್ತು ಪಾಲು ನೀರು ಬೆರೆಸಿ ಮೊದಲೇ ಸಿಂಪಡಿಸಿ. ಬ್ರಷ್ಷಿನಲ್ಲಿ ಬಳಿದರೆ ಬಣ್ಣ ಎದ್ದು ಕಲಸಿಹೋಗುತ್ತದೆ. ಪ್ರತಿ ಚೌಕಕ್ಕೆ ಒಂದು ಚೀಟಿ: ಹೊದಿಕೆಯನ್ನು ಮನೆಯಲ್ಲಿ ಏನೆಂದು ಕರೆಯುತ್ತಾರೆ, ಯಾರು ಹೊಲಿದದ್ದು ಅಥವಾ ಎಲ್ಲಿ ಕೊಂಡದ್ದು. ಮನೆಮಾತಿನ ಹೆಸರು ಕನ್ನಡ ಲಿಪಿಯಲ್ಲಿ ಇರಲಿ. ಬಹುಮಾನ ಇಲ್ಲ. ಅಂಕ ಕೊಡಲೇಬೇಕಾದರೆ ಇಬ್ಬರ ನಡುವಿನ ದಾರದ ಪಟ್ಟಿಗೆ ಕೊಡಿ, ಇಬ್ಬರಿಗೂ ಸಮ.

ವರ್ಷದ ಕೊನೆಗೆ ಮಕ್ಕಳು ತಮ್ಮ ಚೌಕ ಕೇಳುತ್ತಾರೆ. ಕತ್ತರಿಸಿದರೆ ದಾರದ ನಮೂನೆ ನಡುವೆ ಹರಿಯುತ್ತದೆ, ಅದನ್ನು ಕೆಲಸ ಶುರುವಾಗುವ ಮೊದಲೇ ತಿಳಿಸಿಡಬೇಕು. ಬೇಕೆಂದವರಿಗೆ ಅವರ ಚೌಕದ ಫೋಟೋ ತೆಗೆದು ಕೊಡಿ. ಕೌದಿಯನ್ನು ಮಡಚದೆ, ಬಣ್ಣದ ಮೈ ಹೊರಗೆ ಮಾಡಿ ಪಿವಿಸಿ ಪೈಪಿಗೆ ಸುತ್ತಿ, ಗೆದ್ದಲು ಹತ್ತದಂತೆ ನೆಲ ಬಿಟ್ಟು ಮೇಲೆ ಇಡಬೇಕು.